ಹೆದರಿಕೆಗಳ ಪಟ್ಟಿ ಬರೆದ ಮಿಸ್

ಹೋದ ತಿಂಗಳು ಚಂದ್ರಾ ಲೇಔಟ್‌ನ ಮಿಸ್ ಇದ್ದ ಮನೆಗೆ, ಅವರು ತೀರಿಕೊಂಡ ಹನ್ನೊಂದನೇ ದಿನದ ಊಟಕ್ಕೆ ಹೋಗಿದ್ದೆ. ಪಕ್ಕದ ಎಲೆಯಲ್ಲಿ ಕೂತಿದ್ದ ಅವರ ಅಣ್ಣನ ಮಗಳು ಪಾಯಸ ಕಲಸುತ್ತ ಹೇಳಿದಳು: “ನಮ್ಮತ್ತೆ ಬಲೇ ಪುಕ್ಕಲು ಆಂಟಿ. ಗ್ಯಾಸ್ ಹಚ್ಚೋಕೂ ಹೆದರೋರು. ಲಿಫ್ಟ್ ಹತ್ತಲಿಲ್ಲ, ಸಮುದ್ರದ ಕಡೆ ತಲೆ ಹಾಕಲಿಲ್ಲ. ಪಾಪ, ಜೀವನ ಪೂರ್ತಿ ಹೆದರ್ಕೊಂಡೇ ಕಳೆದ್ಬಿಟ್ರು.”

ನಾನು ತಲೆಯಾಡಿಸಿದೆ. ಗ್ಯಾಸ್ ವಿಷಯ ನಿಜ. ಲಿಫ್ಟ್ ವಿಷಯವೂ ನಿಜ. ಸಮುದ್ರದ ವಿಷಯ ಅವಳಿಗೆ ಗೊತ್ತಿರಲಿಲ್ಲ, ಮನೆಯವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಜೊತೆ ಕಡಲಿನ ಕಡೆ ಹೋದ ಆ ನಾಲ್ಕು ದಿನ ಅವರು ಟೀಚರ್ಸ್ ಟ್ರೈನಿಂಗ್‌ಗೆ ಹೋಗಿದ್ದಾರೆ ಎಂದೇ ಎಲ್ಲರೂ ತಿಳಿದಿದ್ದರು.

ಬಸವೇಶ್ವರನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಭೂಗೋಳ ಹೇಳುತ್ತಿದ್ದರು. ಎಂಬತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿಗೆ ಗಣಿತದ ಟೀಚರಾಗಿ ಸೇರಿದಾಗ ಅವರಿಗೆ ನಲವತ್ತನಾಲ್ಕು, ನನಗೆ ಇಪ್ಪತ್ತನಾಲ್ಕು. ಅವರಿಗೆ ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದರು. ಎತ್ತರದ ಬಡಕಲು ಹೆಂಗಸು. ಬಸ್ಸು ಪೂರಾ ನಿಂತು, ಇನ್ನೊಮ್ಮೆ ಕುಲುಕಿ, ಮತ್ತೆ ನಿಂತ ಮೇಲೇ ಹತ್ತುತ್ತಿದ್ದರು. ಅಷ್ಟರಲ್ಲಿ ಎಷ್ಟೋ ಸಲ ಬಸ್ಸು ಹೊರಟೇಬಿಡುತ್ತಿತ್ತು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಿದ್ದರು. ನಾಯಿ ಕಂಡರೆ ನನ್ನ ಎಡಕ್ಕೆ ಬರುತ್ತಿದ್ದರು. ನಾಯಿ ಎಡಕ್ಕೆ ಬಂದರೆ ಬಲಕ್ಕೆ. ಬ್ಯಾಗಿನಲ್ಲಿ ಸದಾ ಒಂದು ಸೀಟಿ, ಗಾಯಕ್ಕೆ ಉಜ್ಜಲು ಒಂದು ತುಂಡು ಪಟಿಕ, ಬೆಂಕಿಪೊಟ್ಟಣ, ಮೂರು ಕರವಸ್ತ್ರ. ಸ್ಟಾಫ್ ರೂಮಿನಲ್ಲಿ ನಕ್ಕರೆ ತಾವೂ ನಗುತ್ತಿದ್ದರು. “ಹೆದರಿಕೆ ಆಗುತ್ತಪ್ಪಾ, ಏನ್ ಮಾಡ್ಲಿ” ಎನ್ನುತ್ತಿದ್ದರು, ಹಸಿವಾಗುತ್ತೆ ಎಂದಷ್ಟೇ ಸಲೀಸಾಗಿ.

ಒಂದು ದಿನ ಎಂಟನೇ ಕ್ಲಾಸಿನಲ್ಲಿ ಉಬ್ಬರವಿಳಿತದ ಪಾಠ. ಕೊನೆಯ ಬೆಂಚಿನ ಒಬ್ಬ ಹುಡುಗಿ ಕೇಳಿದಳಂತೆ: “ಮಿಸ್, ನೀರು ಏರುವಾಗ, ಇಳಿಯುವಾಗ ಶಬ್ದ ಬರುತ್ತಾ?”

ಆವತ್ತು ಅವರು ಸ್ಟಾಫ್ ರೂಮಿಗೆ ಬಂದು ಕೂತು ಊಟದ ಡಬ್ಬಿ ತೆಗೆಯಲೇ ಇಲ್ಲ. “ಇಪ್ಪತ್ತೆರಡು ವರ್ಷದಿಂದ ಇದೇ ಪಾಠ ಮಾಡ್ತಿದೀನಿ ಕಣೇ. ನಾನು ಸಮುದ್ರಾನೇ ನೋಡಿಲ್ಲ. ಬೋರ್ಡ್ ಮೇಲೆ ಚಂದ್ರನ್ನ ಬರೀತೀನಿ, ಬಾಣದ ಗುರುತು ಹಾಕ್ತೀನಿ. ಆ ಮಗೂಗೆ ‘ಮುಂದಿನ ವಾರ ಹೇಳ್ತೀನಿ’ ಅಂತ ಸುಳ್ಳು ಹೇಳ್ಬಂದೆ.”

ಎರಡು ವಾರವಾದ ಮೇಲೆ ಅವರ ಕೈಯಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಇತ್ತು. ಶೈಲಜಾ ಎಂಬ ಅವರ ಹಳೆಯ ವಿದ್ಯಾರ್ಥಿನಿಯನ್ನು ಕುಂದಾಪುರಕ್ಕೆ ಮದುವೆ ಮಾಡಿಕೊಟ್ಟಿದ್ದರು. ಮನೆ ಹೊಳೆಯ ದಂಡೆಯಲ್ಲೇ. ಅವಳ ಮಾವ ಮೂರು ಸಾಲಿನಲ್ಲಿ ನೀರಿನ ಲೆಕ್ಕ ಬರೆಸಿ ಕಳಿಸಿದ್ದರು: ಅಮಾವಾಸ್ಯೆ, ಹುಣ್ಣಿಮೆಗಳಂದು ಬೆಳಿಗ್ಗೆ ಸುಮಾರು ಹನ್ನೊಂದಕ್ಕೆ ಹೊಳೆ ತುಂಬುತ್ತದೆ. ಆಮೇಲೆ ದಿನಕ್ಕೆ ಮುಕ್ಕಾಲು ಗಂಟೆ ತಡ. ತುಂಬಿ ಆರು ಗಂಟೆಗೆ ಪೂರಾ ಇಳಿಯುತ್ತದೆ, ಮತ್ತೆ ಆರು ಗಂಟೆಗೆ ತುಂಬುತ್ತದೆ.

“ನೋಡು,” ಎಂದರು ಮಿಸ್. “ನೀರು ಏರೋವಾಗ ದೋಣಿಗೆ ಸೈಕಲ್ ಹಾಕ್ಕೊಂಡು ಕುಂದಾಪುರದಿಂದ ಹೊರಟ್ರೆ ಸಮುದ್ರದ ನೀರೇ ನಮ್ಮನ್ನ ಮೇಲಕ್ಕೆ ಬಸ್ರೂರಿಗೆ ತಳ್ಕೊಂಡ್ ಹೋಗುತ್ತೆ. ಹುಟ್ಟು ಹಾಕೋದು ಸುಮ್ನೆ ದಾರಿ ಸರಿ ಮಾಡೋಕೆ. ಅಲ್ಲಿ ದೋಣಿ ಬಿಟ್ಟು ಸೈಕಲ್ ತುಳ್ಕೊಂಡು ವಾಪಸ್. ಆರು ಮೈಲೀನೂ ಇಲ್ಲ.”

“ನಾವು ಅಂದ್ರೆ ಯಾರು ಮಿಸ್?”

“ನಾನು, ನೀನು. ನಿಂಗೆ ಸೈಕಲ್ ಬರುತ್ತೆ, ಲೆಕ್ಕ ಬರುತ್ತೆ. ನಂಗೆ ಎರಡೂ ಬರಲ್ಲ.”

ಇಬ್ಬರಿಗೂ ಈಜು ಬರುತ್ತಿರಲಿಲ್ಲ. ಅದನ್ನು ನಾನು ಹೇಳಬೇಕಿತ್ತು. ಆದರೆ ಆ ಸ್ಕೂಲಿನಲ್ಲಿ ನನ್ನನ್ನು ಮೊದಲ ದಿನದಿಂದ ಮನುಷ್ಯರಂತೆ ಮಾತಾಡಿಸಿದವರು ಅವರೊಬ್ಬರೇ. “ಆಯ್ತು ಮಿಸ್” ಎಂದುಬಿಟ್ಟೆ. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಗೆ ಸೈಕಲ್ ತುಳಿಯುತ್ತ ಹೋಗುವಾಗ ರಸ್ತೆಯ ನೀರಿನ ಗುಂಡಿಗಳನ್ನೂ ಸುತ್ತಿಕೊಂಡು ಹೋದೆ.

ಮೊದಲು ಸೈಕಲ್. ರಾಜಾಜಿನಗರದಲ್ಲಿ ಒಂದು ಹಳೆಯ ಲೇಡೀಸ್ ಸೈಕಲ್ ಕೊಂಡರು. ವಿಜಯನಗರದ ಆಚೆ ಆಗ ಇನ್ನೂ ಮನೆ ಕಟ್ಟದ ಸೈಟುಗಳು ಬೇಕಾದಷ್ಟಿದ್ದವು. ಬೆಳಿಗ್ಗೆ ಐದೂವರೆಗೆ ಅಲ್ಲಿ ನಾನು ಸೀಟು ಹಿಡಿದು ಓಡುತ್ತಿದ್ದೆ, ಅವರು ಗಟ್ಟಿಯಾಗಿ ಎಣಿಸುತ್ತ ಪೆಡಲ್ ತುಳಿಯುತ್ತಿದ್ದರು. ಹದಿನೇಳಕ್ಕೋ ಹದಿನೆಂಟಕ್ಕೋ ಬೀಳುತ್ತಿದ್ದರು. ಬಿದ್ದಲ್ಲೇ ಕೂತು ಪಟಿಕ ತೆಗೆದು ಗಾಯಕ್ಕೆ ಉಜ್ಜಿಕೊಂಡು, “ನಡಿ, ಇನ್ನೊಂದ್ಸಲ” ಎನ್ನುತ್ತಿದ್ದರು. ಸೀರೆಯ ಲಂಗವನ್ನು ನಡುವೆ ಕತ್ತರಿಸಿ ಪೈಜಾಮದ ಹಾಗೆ ಹೊಲಿದುಕೊಂಡಿದ್ದರು. ಒಂದು ತಿಂಗಳಿಗೆ ಬೀಳದೆ ನಾನೂರರ ತನಕ ಎಣಿಸಿದರು. ಆಮೇಲೆ ಎಣಿಸುವುದು ನಿಲ್ಲಿಸಿದರು.

ನೀರಿಗೆ ಮಲ್ಲತ್ತಹಳ್ಳಿ ಕೆರೆ. ಅಲ್ಲಿ ಮೀನು ಹಿಡಿಯುವ ಒಬ್ಬ ಮುದುಕನ ಹತ್ತಿರ ಹರಿಗೋಲಿತ್ತು. ಬಿದಿರಿನ ಆ ದುಂಡು ಬುಟ್ಟಿಯಲ್ಲಿ ನಾವಿಬ್ಬರು ಕೂತೆವು, ಸೊಂಟಕ್ಕೆ ಕಾರಿನ ಟ್ಯೂಬು ಸಿಕ್ಕಿಸಿಕೊಂಡು. ದಂಡೆಯಿಂದ ಹತ್ತು ಮಾರು ಹೋಗುವಷ್ಟರಲ್ಲಿ ಅದು ಗಿರಗಿರನೆ ಸುತ್ತತೊಡಗಿತು. ಮಿಸ್ ಚೀರಿ ಎದ್ದು ನಿಂತರು. ಹರಿಗೋಲು ಒಂದು ಕಡೆಗೆ ವಾಲಿ ಮೊಣಕಾಲುದ್ದ ನೀರು ಒಳಗೆ ನುಗ್ಗಿತು.

“ಕೂತ್ಕಳ್ರಮ್ಮೋ!” ಎಂದು ಮುದುಕ ದಂಡೆಯಿಂದ ಕಿರುಚಿದ. “ಗಾಬ್ರಿ ಆದ್ರೆ ಕೂತ್ಕಬೇಕು, ನಿಂತ್ಕಬಾರ್ದು!”

ದಡ ಸೇರಿದ ಮೇಲೆ ಮಿಸ್ ಕಲ್ಲಿನ ಮೇಲೆ ಕೂತು ವಾಂತಿ ಮಾಡಿಕೊಂಡರು. ಇಲ್ಲಿಗೆ ಮುಗಿಯಿತು ಎಂದು ನನಗೆ ಒಳಗೊಳಗೇ ಎಷ್ಟು ಸಮಾಧಾನವಾಯಿತೆಂದರೆ, ಅವರ ಬೆನ್ನು ಸವರುವ ನನ್ನ ಕೈ ಹಗುರಾಗಿಬಿಟ್ಟಿತ್ತು. ಬಾಯಿ ಒರೆಸಿಕೊಂಡು ಅವರು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು.

ಅದನ್ನು ಆವತ್ತೇ ಮೊದಲು ನೋಡಿದ್ದು. ಪ್ರತಿ ಪುಟದಲ್ಲೂ ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಎಡಕ್ಕೆ ‘ಏನು ಹೆದರಿಕೆ’, ಬಲಕ್ಕೆ ‘ಏನು ಮಾಡಬೇಕು’. ನಂಬರು ಹಾಕಿ ಬರೆದಿದ್ದರು. ಹನ್ನೊಂದು: ರಸ್ತೆಯಲ್ಲಿ ಲಾರಿ ಹಿಂದಿನಿಂದ ಬಂದರೆ — ಇಳಿದು ನಿಲ್ಲುವುದು. ಹತ್ತೊಂಬತ್ತು: ಕನ್ನಡಕ ನೀರಿಗೆ ಬಿದ್ದರೆ — ದಾರ ಕಟ್ಟಿಕೊಳ್ಳುವುದು. ಇಪ್ಪತ್ತಾರು: ನೀರು ತಿರುಗಿಬಿಟ್ಟರೆ — ಎದುರು ಹುಟ್ಟು ಹಾಕಬಾರದು, ಪಕ್ಕಕ್ಕೆ ಹೋಗಬೇಕು. ಇದು ಶೈಲಜಾಳ ಮಾವ ಬರೆಸಿದ್ದಂತೆ. ಆ ದಿನ ಮೂವತ್ತೆಂಟನೆಯದನ್ನು ಸೇರಿಸಿದರು: ದೋಣಿ ವಾಲಿದರೆ — ಕೂತುಕೊಳ್ಳುವುದು. ಕೆಲವು ಹೆದರಿಕೆಗಳ ಎದುರು ಬಲಗಡೆ ಖಾಲಿ ಇತ್ತು. ಆ ವಾರ ಅವರು ಮತ್ತೆ ಮೂರು ದಿನ ಕೆರೆಗೆ ಬಂದರು. ನಾಲ್ಕನೇ ಸಲಕ್ಕೆ ಹರಿಗೋಲು ಸುತ್ತುವುದನ್ನು ನಿಲ್ಲಿಸಿತು.

ಡಿಸೆಂಬರ್ ರಜೆಯಲ್ಲಿ ದಶಮಿಯ ದಿನ ಎಂದು ಗೊತ್ತು ಮಾಡಿಕೊಂಡೆವು. ಲೆಕ್ಕ ಹಾಕಿದ್ದು ನಾನೇ: ಹನ್ನೆರಡೂವರೆಗೆ ನೀರು ಪೂರಾ ಇಳಿದಿರುತ್ತದೆ, ಒಂದು ಗಂಟೆಗೆ ಹೊರಟರೆ ಏರುವ ನೀರು ಸಿಗುತ್ತದೆ. ಒಂದು ಹಾಳೆಯಲ್ಲಿ ಅಂದವಾಗಿ ಬರೆದುಕೊಟ್ಟೆ. ಅಷ್ಟರಲ್ಲಿ ಹೆಡ್‌ಮಿಸ್ ಹತ್ತನೇ ಕ್ಲಾಸಿಗೆ ಸ್ಪೆಷಲ್ ಕ್ಲಾಸ್ ಇಟ್ಟರು. ಪ್ರಯಾಣ ಎಂಟು ದಿನ ಮುಂದಕ್ಕೆ ಹೋಯಿತು, ಹುಣ್ಣಿಮೆ ಕಳೆದು ತದಿಗೆಗೆ.

“ಹೊಸದಾಗಿ ಲೆಕ್ಕ ಹಾಕ್ಬಿಡು” ಎಂದರು ಮಿಸ್.

ನಾನು ಹಾಕಲಿಲ್ಲ. ಈ ಪ್ರಯಾಣ ನಡೆಯುವುದಿಲ್ಲ ಎಂದು ಮನಸ್ಸು ಹಟ ಹಿಡಿದಿತ್ತು. ಯಾರಿಗಾದರೂ ಜ್ವರ ಬರುತ್ತದೆ, ಅಪ್ಪ ಬೇಡವೆನ್ನುತ್ತಾರೆ, ಏನೋ ಆಗುತ್ತದೆ. ಆ ಹಾಳೆ ಮುಟ್ಟಿದರೆ ನೀರೇ ಮುಟ್ಟಿದ ಹಾಗಾಗುತ್ತಿತ್ತು. ಹೊರಡುವ ಹಿಂದಿನ ದಿನ ಹಳೆಯದನ್ನೇ ಇನ್ನೊಂದು ಹಾಳೆಗೆ ನಕಲು ಮಾಡಿ, ಮೇಲೆ ತಾರೀಖು ಮಾತ್ರ ಬದಲಾಯಿಸಿದೆ.

“ಲೆಕ್ಕ ಹಾಕಿದ್ಯಾ?”

“ಹಾಕ್ದೆ ಮಿಸ್. ಒಂದು ಗಂಟೇನೇ ಬಂತು.”

“ಅರೆ, ಒಳ್ಳೇದೇ ಆಯ್ತಲ್ಲ” ಎಂದು ಹಾಳೆಯನ್ನು ಮಡಿಸಿ ನೋಟ್‌ಬುಕ್ಕಿನಲ್ಲಿಟ್ಟುಕೊಂಡರು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಸೈಕಲ್‌ಗಳನ್ನು ಬಸ್ಸಿನ ಟಾಪಿಗೆ ಕಟ್ಟಿಸಿ ಕುಂದಾಪುರಕ್ಕೆ ಹೋದೆವು. ಶೈಲಜಾ ಬೆಂಗಳೂರಿನ ಹುಡುಗಿ. ಮದುವೆಯಾಗಿ ವರ್ಷವೂ ಆಗಿರಲಿಲ್ಲ, ಹೊಳೆಯ ಗುಟ್ಟು ಅವಳಿಗೆ ತಿಳಿಯದು. ತಿಳಿದಿದ್ದ ಮಾವ ಮನೆಯವರೊಂದಿಗೆ ಮದುವೆಗೆ ಹೋಗಿದ್ದರು. ದೋಣಿ, ಎರಡು ಹುಟ್ಟುಗಳನ್ನು ನಮಗಾಗಿ ಇರಿಸಿ ಹೋಗಿದ್ದರು.

ಒಂದು ಗಂಟೆಗೆ ಸರಿಯಾಗಿ ಸೈಕಲ್‌ಗಳನ್ನು ದೋಣಿಯಲ್ಲಿ ಮಲಗಿಸಿ ಹೊರಟೆವು. ಹೊಳೆ ದಂಡೆಯ ಅಂಚಿನ ತನಕ ತುಂಬಿ ನಿಂತಿತ್ತು. ಏರಲು ಶುರುವಾಗಬೇಕಿದ್ದ ನೀರು ಇಷ್ಟು ಮೇಲೆ ಏಕಿದೆ? ಮಿಸ್‌ಗೆ ಹೇಳದೆ ಹುಟ್ಟು ಎತ್ತಿಕೊಂಡೆ. ಮೊದಲ ಕಾಲು ಗಂಟೆ ನೀರು ನಮ್ಮನ್ನು ನಿಧಾನವಾಗಿ ಮೇಲಕ್ಕೇ ಒಯ್ದಿತು. ಮಿಸ್ ಮುಂದೆ ಕೂತು ಹುಟ್ಟು ಹಾಕುತ್ತಿದ್ದರು. “ತಳ್ತಾ ಇದೆ ಕಣೇ! ನಿಜವಾಗ್ಲೂ ತಳ್ತಾ ಇದೆ!” ಎಂದು ಮಗುವಿನಂತೆ ಕೂಗಿದರು.

ಆಮೇಲೆ ದೋಣಿ ನಿಂತಿತು. ನಾವು ಹುಟ್ಟು ಹಾಕುತ್ತಲೇ ಇದ್ದೆವು, ದಂಡೆಯ ಒಂದು ತೆಂಗಿನ ಮರ ಅಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಆ ಮರ ಮುಂದಕ್ಕೆ ಹೋಯಿತು. ಅಂದರೆ ನಾವು ಹಿಂದಕ್ಕೆ ಹೋಗುತ್ತಿದ್ದೆವು.

ಏನಾಗಿದೆ ಎಂದು ನನಗೆ ಗೊತ್ತಿತ್ತು. ನನ್ನೊಬ್ಬಳಿಗೇ ಗೊತ್ತಿತ್ತು. ಹೊಳೆ ಸದ್ದಿಲ್ಲದೆ, ಅವಸರವಿಲ್ಲದೆ ನಮ್ಮನ್ನು ಎಳೆಯುತ್ತಿತ್ತು. ಶೈಲಜಾಳ ಮನೆಯ ಮೆಟ್ಟಿಲು ಬಂತು, ದಾಟಿತು. ಆಚೆ ದಂಡೆ ದೂರವಾಗತೊಡಗಿತು. ಮುಂದೆ ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ಬಿಳಿಯ ನೊರೆಯ ಗೆರೆಯೊಂದು ಏಳುತ್ತ ಬೀಳುತ್ತ ಇತ್ತು. ಅದರ ಮೊರೆತ ಕೇಳಿಸಿದಾಗ ನನ್ನ ಕೈಯಿಂದ ಹುಟ್ಟು ಜಾರಿ ದೋಣಿಯೊಳಗೆ ಬಿತ್ತು. ನಾನು ಅಮ್ಮನನ್ನು ಕರೆದು ಅಳುತ್ತಿದ್ದೆ.

ಮಿಸ್ ತಿರುಗಿದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. “ಇಪ್ಪತ್ತಾರು!” ಎಂದರು. ನನಗೆ ಅರ್ಥವಾಗಲಿಲ್ಲ. “ಇಪ್ಪತ್ತಾರು ಕಣೇ! ಪಕ್ಕಕ್ಕೆ! ಎತ್ಕೋ ಹುಟ್ಟು! ಆ ಹಳದಿ ನೀರಿನ ಕಡೆ!”

ಎಡಗಡೆ ಒಂದು ಕಡೆ ನೀರಿನ ಬಣ್ಣ ತೆಳುವಾಗಿ ಮರಳಿನಂತೆ ಕಾಣುತ್ತಿತ್ತು. ಅತ್ತ ಹುಟ್ಟು ಹಾಕಿದೆವು. ಹೊಳೆ ನಮ್ಮನ್ನು ಓರೆಯಾಗಿ ಎಳೆದುಕೊಂಡೇ ಹೋಗುತ್ತಿತ್ತು. ಅವರು ಗಟ್ಟಿಯಾಗಿ ಎಣಿಸತೊಡಗಿದರು. ಆ ಎಣಿಕೆಗೆ ನನ್ನ ಕೈ ಆಡಿತು. ಇನ್ನೂರು ದಾಟಿದ ಮೇಲೆ ದೋಣಿಯ ತಳ ಏನಕ್ಕೋ ಕರಕರ ತಾಗಿತು, ಮತ್ತೆ ಬಿಡಿಸಿಕೊಂಡಿತು. ಮಿಸ್ ದೋಣಿಯ ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡರು. ಹುಟ್ಟನ್ನು ನೀರಿಗಿಳಿಸಿ ಆಳ ನೋಡಿದರು. ಇನ್ನೊಮ್ಮೆ ನೋಡಿದರು. ಮೂರನೇ ಸಲ ನೋಡಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಇಳಿದುಬಿಟ್ಟರು. ನೀರು ತೊಡೆಯ ತನಕ ಬಂತು. ದೋಣಿ ಅವರನ್ನು ಎಳೆದು ಬೀಳಿಸಿತು, ಎದ್ದರು, ಮತ್ತೆ ಬಿದ್ದರು. ನಾನೂ ಹಾರಿದೆ. ಇಬ್ಬರೂ ಸೇರಿ ಎಳೆದೆವು. ಕೊನೆಗೆ ದೋಣಿ ಮರಳಿನಲ್ಲಿ ಕೂತಿತು.

ಸುತ್ತ ನೀರು ತಗ್ಗುತ್ತ ಮರಳಿನ ದಿಬ್ಬ ಅಂಗೈಯಷ್ಟು, ಹಾಸಿಗೆಯಷ್ಟು, ಅಂಗಳದಷ್ಟು ಎದ್ದುಬಂತು. ಒದ್ದೆ ಮರಳಿನಿಂದ ಸಣ್ಣ ಸಣ್ಣ ಗುಳ್ಳೆ ಒಡೆಯುವ ಚಿಟಿಚಿಟಿ ಸದ್ದು ಎಲ್ಲ ಕಡೆಯಿಂದ ಬರುತ್ತಿತ್ತು. “ಶಬ್ದ ಬರುತ್ತೆ ನೋಡು” ಎಂದರು ಮಿಸ್, ಸೆರಗು ಹಿಂಡುತ್ತಲೇ.

ಆಗ ನಾನು ಹೇಳಿದೆ. ಲೆಕ್ಕ ಹಾಕಿರಲಿಲ್ಲ, ತಾರೀಖು ಬದಲಾಯಿಸಿದ್ದೆ ಅಷ್ಟೆ ಎಂದು. ಅವರು ನನ್ನನ್ನೇ ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ವಾಸಿಯಿತ್ತು.

“ಯಾಕೆ?”

“ಹೆದರಿಕೆ ಆಗಿತ್ತು ಮಿಸ್. ನೀವೇ ಬೇಡ ಅಂತೀರ ಅಂದ್ಕೊಂಡಿದ್ದೆ.”

“ನಾನು ದಿನಾ ಕಾಯ್ತಿದ್ದೆ ಕಣೇ, ನೀನು ಬೇಡ ಅಂತೀಯ ಅಂತ.” ಒದ್ದೆ ಸೆರಗಿನಿಂದ ಮೂಗು ಒರೆಸಿಕೊಂಡರು. “ಅನ್ಲಿಲ್ಲ. ನಿನಗೆ ಅಷ್ಟು ಧೈರ್ಯ ಇದೆ ಅಂದ್ಕೊಂಡು ನಾನೂ ಹೊರಟೆ.”

ಆಮೇಲೆ ಮರಳಿನ ಕಡೆ ಬೆರಳು ತೋರಿಸಿ ಗದರಿದರು. “ಬರಿ ಇಲ್ಲಿ. ಇವತ್ತು ಯಾವ ತಿಥಿ?”

ಮರಳಿನ ಮೇಲೆ ಬೆರಳಿನಿಂದ ಬರೆದೆ. ತದಿಗೆ. ಹನ್ನೊಂದಕ್ಕೆ, ದಿನಕ್ಕೆ ಮುಕ್ಕಾಲರಂತೆ ಮೂರು ದಿನದ ಎರಡೂಕಾಲು ಗಂಟೆ ಕೂಡಿದರೆ ಒಂದೂಕಾಲು. ಒಂದೂಕಾಲಿಗೆ ತುಂಬಿದ ನೀರು ಏಳೂಕಾಲಿನ ತನಕ ಇಳಿಯುತ್ತಲೇ ಇರುತ್ತದೆ. ಮೂರು ಸಲ ಅಳಿಸಿ ಬರೆಸಿದರು. ಮೂರು ಸಲವೂ ಅದೇ ಬಂತು. ಅಂದರೆ ಕತ್ತಲಾಗುವ ತನಕ ಈ ದಿಬ್ಬ ಮುಳುಗುವುದಿಲ್ಲ. ಅದು ತಿಳಿದ ಮೇಲೆಯೇ ಅವರು ಮೊಣಕಾಲಿನ ನಡುವೆ ತಲೆಯಿಟ್ಟು ಅತ್ತದ್ದು.

ನಾಲ್ಕೂವರೆಯ ಹೊತ್ತಿಗೆ ಬುಟ್ಟಿ ಹಿಡಿದ ಏಳೆಂಟು ಹೆಂಗಸರು ನೀರಿನಲ್ಲಿ ನಡೆದುಕೊಂಡೇ ಬಂದರು, ಮಾತಾಡುತ್ತ, ನಗುತ್ತ. ಚಿಪ್ಪು ಹೆಕ್ಕುವವರು. ಎರಡು ಗಂಟೆ ಮೊದಲು ನಮ್ಮನ್ನು ಎಳೆದೊಯ್ದಿದ್ದ ಹೊಳೆ ಈಗ ಅವರ ಸೊಂಟದ ತನಕವೂ ಇರಲಿಲ್ಲ. ಮುತ್ತಕ್ಕ ಎಂಬ ದಪ್ಪನೆಯ ಹೆಂಗಸು ನಮ್ಮನ್ನೂ ಸೈಕಲ್‌ಗಳನ್ನೂ ನೋಡಿ, “ಹ್ವಾಯ್, ಇದ್ ಎಂತ ಕಥೆ ಮಾರಾಯ್ರೆ! ಸೈಕಲ್ ತಕಂಡ್ ಸಮುದ್ರಕ್ಕೆ ಹೊರಟ್ರ್ಯಾ?” ಎಂದಳು. ಬುಟ್ಟಿ ತುಂಬಿದ ಮೇಲೆ ಅವರೇ ದೋಣಿಯ ಹಗ್ಗ ಹಿಡಿದು ದಂಡೆ ಮುಟ್ಟಿಸಿದರು.

ಮಾರನೆಯ ದಿನ ಬೆಳಿಗ್ಗೆ, ಬೆಂಗಳೂರಿಗೆ ವಾಪಸ್ ಎಂದುಕೊಂಡು ನಾನು ಬಟ್ಟೆ ಮಡಿಸುತ್ತಿದ್ದೆ. ಮಿಸ್ ಸ್ನಾನ ಮಾಡಿ, ಕನ್ನಡಕಕ್ಕೆ ದಾರ ಕಟ್ಟಿಕೊಂಡು ಬಂದು, “ಇವತ್ತಿನ ಲೆಕ್ಕ ಹಾಕು” ಎಂದರು.

“ಮಿಸ್, ಬೇಡ.”

“ಈಗ ಹೇಳಿದ್ಯಲ್ಲ, ಸರಿ. ನೀನು ರಸ್ತೆ ಮೇಲೆ ಸೈಕಲ್‌ನಲ್ಲಿ ಬಾ. ಲೆಕ್ಕ ಮಾತ್ರ ನಿಂದೇ.”

ಚೌತಿ. ಎರಡು ಗಂಟೆಗೆ ನೀರು ತುಂಬುತ್ತದೆ, ಅದಕ್ಕೆ ಮೊದಲು ಬೆಳಿಗ್ಗೆ ಎಂಟಕ್ಕೆ ಪೂರಾ ಇಳಿದಿರುತ್ತದೆ. ಹತ್ತು ಗಂಟೆಗೆ ಹೊರಟರೆ ಹನ್ನೆರಡೂವರೆಗೆ ಬಸ್ರೂರು. ಬರೆದುಕೊಟ್ಟಾಗ ನನ್ನ ಅಕ್ಷರ ನನಗೇ ಗುರುತು ಸಿಗಲಿಲ್ಲ. ಶೈಲಜಾ ಮುತ್ತಕ್ಕನನ್ನು ಕೇಳಿಕೊಂಡಳು. ಅವಳು ಜೊತೆಗೆ ಕೂರಲು ಒಪ್ಪಿದಳು.

ಬಸ್ರೂರಿನ ಹೊಳೆಯಂಚಿನಲ್ಲಿ ನಾನು ಹನ್ನೊಂದಕ್ಕೇ ಹೋಗಿ ನಿಂತೆ. ನೀರು ಕಲ್ಲುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂತು. ಹನ್ನೆರಡೂವರೆ ಆಯಿತು. ಹೊಳೆಯ ತಿರುವಿನಲ್ಲಿ ಏನೂ ಇರಲಿಲ್ಲ. ಒಂದಾಯಿತು. ಮರಳಿಲ್ಲದ್ದರಿಂದ ಅಂಗೈ ಮೇಲೆ ಪೆನ್ನಿನಿಂದ ಮತ್ತೆ ಲೆಕ್ಕ ಹಾಕಿದೆ, ಬೆವರಿಗೆ ಅಳಿಸಿಹೋಯಿತು. ಒಂದೂವರೆ. ಇನ್ನರ್ಧ ಗಂಟೆಗೆ ನೀರು ತಿರುಗುತ್ತದೆ. ದೋಣಿಯಲ್ಲಿ ಅಳಿವೆಯ ಕಡೆ ಹೋಗುತ್ತಿದ್ದಾಗಲೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ. ಅಲ್ಲಿ ನಾನೂ ಮುಳುಗುತ್ತಿದ್ದೆ. ಇಲ್ಲಿ ಒಣಗಿದ ಸೀರೆಯುಟ್ಟು ದಂಡೆಯ ಮೇಲೆ ನಿಂತಿದ್ದೆ.

ಎರಡಕ್ಕೆ ಹತ್ತು ನಿಮಿಷವಿದ್ದಾಗ ದೋಣಿ ತಿರುವಿನಲ್ಲಿ ಕಾಣಿಸಿತು. ನಡುವೆ ಸೈಕಲ್ ಮಲಗಿತ್ತು. ಹಿಂದೆ ಮುತ್ತಕ್ಕ ಕೈಕಟ್ಟಿ ಕೂತು ಎಲೆಯಡಿಕೆ ಜಗಿಯುತ್ತಿದ್ದಳು. ಹುಟ್ಟು ಹಾಕುತ್ತಿದ್ದವರು ಮಿಸ್ ಒಬ್ಬರೇ. ನಾಲ್ಕು ಸಲ ಹಾಕುವುದು, ನಿಲ್ಲಿಸಿ ಉಸಿರೆಳೆಯುವುದು, ಮತ್ತೆ ನಾಲ್ಕು ಸಲ.

“ಮುಟ್ಟೂಕೆ ಬಿಡ್ಲಿಲ್ಲೆ ಇವ್ರ್ ನನ್ನ!” ಎಂದು ಮುತ್ತಕ್ಕ ದೂರದಿಂದಲೇ ಕೂಗಿದಳು.

ನಾನು ನೀರಿಗಿಳಿದು ದೋಣಿ ಹಿಡಿದುಕೊಂಡೆ. ಮಿಸ್ ಇಳಿಯಲು ಕಾಲೆತ್ತಿದರು. ಇಳಿದವರೇ ಕೆಸರಿನಲ್ಲಿ ಕೂತುಬಿಟ್ಟರು. ಅಂಗೈ ಎರಡೂ ಬೊಬ್ಬೆ ಎದ್ದು ಒಡೆದಿದ್ದವು.

“ಎಷ್ಟು ತಡ ಆಯ್ತು?”

“ಒಂದು ಗಂಟೆ ಇಪ್ಪತ್ತು ನಿಮಿಷ ಮಿಸ್. ಲೆಕ್ಕ ತಪ್ತೇನೋ...”

“ಇಲ್ಲ, ನೀರು ದಾರಿಯುದ್ದಕ್ಕೂ ತಳ್ತಾನೇ ಇತ್ತು. ಲೆಕ್ಕ ಸರಿಯಾಗೇ ಹಾಕಿದೀಯ.” ಅವರು ಕೈ ನೋಡಿಕೊಂಡರು. “ನನ್ನ ಕೈಯೇ ನಿಧಾನ.”

ನನಗೆ ಅಳು ತಡೆಯಲಾಗಲಿಲ್ಲ. ಅವರು ನನ್ನ ತೋಳು ಹಿಡಿದು ಎದ್ದು ನಿಂತರು.

“ಇನ್ನು ಯಾವತ್ತೂ ಬೇಡ ಕಣೇ” ಎಂದರು. “ನಂಗೆ ತುಂಬ ಹೆದರಿಕೆ ಆಗುತ್ತೆ.”

ಸೈಕಲ್ ಹತ್ತುವ ಶಕ್ತಿ ಇಬ್ಬರಿಗೂ ಉಳಿದಿರಲಿಲ್ಲ. ತಳ್ಳಿಕೊಂಡೇ ಹೊರಟೆವು. ಕುಂದಾಪುರ ಸೇರುವಾಗ ಸಂಜೆಯಾಗಿತ್ತು. ದಾರಿಯಲ್ಲಿ ಲಾರಿ ಬಂದಾಗಲೆಲ್ಲ ಅವರು ನಿಂತು, ನನ್ನನ್ನು ರಸ್ತೆಯ ಒಳಗಡೆಗೆ ಸರಿಸಿ, ಲಾರಿ ಹೋದ ಮೇಲೆ ಮತ್ತೆ ನಡೆಯುತ್ತಿದ್ದರು.